ಸತ್ತ ಕೋಶ ಕೊಡುವ ಸುದ್ದಿ: ಲ್ಯಾಬಿನಲ್ಲಿ ನಾನು ಕಂಡದ್ದು

ಒಂದಷ್ಟು ಕೋಶಗಳನ್ನು ಕೊಲ್ಲುವುದು, ಅವುಗಳ ರಸವನ್ನು ಬದುಕಿರುವ ಕೋಶಗಳ ಮೇಲೆ ಸುರಿಯುವುದು, ಏನಾಗುತ್ತದೆ ಅಂತ ನೋಡುವುದು. ನನ್ನ ಪಿಎಚ್‌ಡಿಯ ಮೊದಲ ಎರಡು ವರ್ಷ ಹೆಚ್ಚುಕಡಿಮೆ ಇದರಲ್ಲೇ ಹೋಯಿತು.

ಪ್ರಶ್ನೆ ಸರಳವಾಗಿತ್ತು. ಬಾಗಿಲಿಗೆ ಸಿಕ್ಕಿ ಬೆರಳು ಜಜ್ಜಿದರೆ ಚರ್ಮ ಹರಿಯದಿದ್ದರೂ ಬೆರಳು ಕೆಂಪಾಗಿ ಊದುತ್ತದೆ. ಒಳಗೆ ಒಂದು ಕೀಟಾಣುವೂ ಹೋಗಿಲ್ಲ. ಹಾಗಿದ್ದರೆ ರೋಗನಿರೋಧಕ ಕೋಶಗಳನ್ನು ಕರೆದವರು ಯಾರು? ಕೀಟಾಣುಗಳ ಮೈಮೇಲಿನ ಗುರುತುಗಳನ್ನು ಹಿಡಿಯುವ ಗ್ರಾಹಕಗಳು ನಮ್ಮಲ್ಲಿರಬೇಕು ಎಂದು 1989ರಲ್ಲಿ ರೋಗನಿರೋಧಕ ವಿಜ್ಞಾನಿ ಚಾರ್ಲ್ಸ್ ಜೇನ್‌ವೇ ಹೇಳಿದ್ದರು. 1994ರಲ್ಲಿ ಪಾಲಿ ಮಾಟ್ಜಿಂಗರ್ ಇನ್ನೊಂದು ಮಾತು ಸೇರಿಸಿದರು. ಬಂದವನು ಹೊರಗಿನವನೋ ಒಳಗಿನವನೋ ಅನ್ನುವುದಕ್ಕಿಂತ, ಏನಾದರೂ ಹಾನಿ ಆಗುತ್ತಿದೆಯೇ ಅನ್ನುವುದನ್ನು ದೇಹ ನೋಡುತ್ತದೆ ಎಂದರು. ಒಡೆದ ಕೋಶದಿಂದ ಹೊರಗೆ ಚೆಲ್ಲುವ ವಸ್ತುಗಳೇ ಅಪಾಯದ ಸಂಕೇತ. ನನಗೆ ಈ ಮಾತು ಓದಿದ ಕೂಡಲೇ ಹಿಡಿಸಿಬಿಟ್ಟಿತು. ಜಾಸ್ತಿನೇ ಹಿಡಿಸಿತ್ತು ಅಂತ ಈಗ ಅನ್ನಿಸುತ್ತದೆ.

ಇಲಿಯ ಮೂಳೆ ಮಜ್ಜೆ ತೆಗೆದು, 7 ದಿನ ಬೆಳೆಸಿ ಮ್ಯಾಕ್ರೊಫೇಜ್ (ಕೀಟಾಣು, ಸತ್ತ ಕೋಶಗಳನ್ನು ನುಂಗುವ ರೋಗನಿರೋಧಕ ಕೋಶ) ಮಾಡಿಕೊಳ್ಳುತ್ತಿದ್ದೆ. ಕೊಲ್ಲಬೇಕಾದ ಕೋಶಗಳನ್ನು ಉಪ್ಪಿನ ದ್ರಾವಣದಲ್ಲಿ ಹಾಕಿ, ದ್ರವ ಸಾರಜನಕದಲ್ಲಿ ಮುಳುಗಿಸಿ, ಮತ್ತೆ 37 ಡಿಗ್ರಿ ನೀರಿನಲ್ಲಿ ಕರಗಿಸುವುದು. ಹೀಗೆ ಐದು ಸಲ. ಒಂದೂ ಉಳಿಯುವುದಿಲ್ಲ. ಮೇಲಿನ ತಿಳಿಯನ್ನು ಮ್ಯಾಕ್ರೊಫೇಜ್‌ಗಳಿಗೆ ಹಾಕಿ, ಮರುದಿನ ಟಿಎನ್‌ಎಫ್ ಎಂಬ ಉರಿಯೂತದ ಅಣು ಎಷ್ಟು ಬಂದಿದೆ ಅಂತ ಎಲೈಸಾದಲ್ಲಿ ನೋಡಿದೆ. ಅಣು ಹೆಚ್ಚಿದ್ದಷ್ಟೂ ಬಣ್ಣ ಗಾಢವಾಗುವ ಪರೀಕ್ಷೆ ಅದು.

ಪ್ಲೇಟ್ ಗಾಢ ಹಳದಿ! ಹೋಲಿಕೆಗೆಂದು ರಸ ಹಾಕದೆ ಬಿಟ್ಟ ಕಂಟ್ರೋಲ್ ವೆಲ್‌ಗಳು (ಪ್ಲೇಟಿನ ಗುಣಿಗಳು) ನೀರಿನಂತೆ ತಿಳಿ. ಪ್ಲೇಟನ್ನು ಕೈಯಲ್ಲಿ ಹಿಡಿದೇ ಮೇಡಂ ಕೋಣೆಗೆ ಓಡಿದೆ. ಅವರು ನೋಡಿ ಒಂದೇ ಮಾತು ಕೇಳಿದರು: "ಕುದಿಸಿ ನೋಡಿದ್ಯಾ?"

ನೋಡಿರಲಿಲ್ಲ. ಕುದಿಸಿದರೆ ಸಾಮಾನ್ಯವಾಗಿ ಪ್ರೋಟೀನ್ ಕೆಡುತ್ತದೆ. ಆದರೆ ಬ್ಯಾಕ್ಟೀರಿಯಾದ ಹೊರಪದರದ ಎಲ್‌ಪಿಎಸ್, ಅಂದರೆ ಎಂಡೊಟಾಕ್ಸಿನ್, ಮ್ಯಾಕ್ರೊಫೇಜನ್ನು ಕೆರಳಿಸುತ್ತದೆ, ಕುದಿತಕ್ಕೂ ಬಗ್ಗುವುದಿಲ್ಲ. ಕುದಿಸಿದೆ. ಅದೇ ಹಳದಿ. ಎಲ್‌ಪಿಎಸ್ ಅನ್ನು ಹಿಡಿದಿಟ್ಟುಕೊಳ್ಳುವ ಪಾಲಿಮಿಕ್ಸಿನ್ ಬಿ ಸೇರಿಸಿದೆ. ಹಳದಿ ಮಾಯ. ಕೋತಿ ತಾನು ಬೆಣ್ಣೆ ತಿಂದು ಮೇಕೆಯ ಮೂತಿಗೆ ಒರೆಸಿದ ಹಾಗೆ ಆಗಿತ್ತು. ಕೆಲಸ ಮಾಡಿದ್ದು ಎಲ್ಲಿಂದಲೋ ಬಂದ ಎಂಡೊಟಾಕ್ಸಿನ್, ಹೆಸರು ಬಂದದ್ದು ಸತ್ತ ಕೋಶಕ್ಕೆ.

ಎಲ್ಲಿಂದ ಬಂತು ಅಂತ ಹುಡುಕಲು ಒಂದು ವಾರ ಬೇಕಾಯಿತು. ಉಪ್ಪಿನ ದ್ರಾವಣವನ್ನು ನಾನೇ ಮಾಡಿ ಆಟೋಕ್ಲೇವ್‌ನಲ್ಲಿಟ್ಟಿದ್ದೆ. ಆಟೋಕ್ಲೇವ್ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ನಿಜ. ಸತ್ತ ಬ್ಯಾಕ್ಟೀರಿಯಾದ ಎಲ್‌ಪಿಎಸ್ ಬಾಟಲಿಯಲ್ಲೇ ಉಳಿಯುತ್ತದೆ. ಕಂಟ್ರೋಲ್ ವೆಲ್‌ಗಳಿಗೆ ಮಾತ್ರ ಕೊಂಡು ತಂದ ಮೀಡಿಯಂ (ಕೋಶ ಬೆಳೆಸುವ ದ್ರವ) ಹಾಕಿದ್ದೆ. ಅದೇ ದ್ರಾವಣವನ್ನು ಕೋಶವಿಲ್ಲದೆ ಐದು ಸಲ ಹೆಪ್ಪುಗಟ್ಟಿಸಿ ಕರಗಿಸಿ ಹಾಕಬೇಕಿತ್ತು ಅನ್ನುವುದು ಹೊಳೆದೇ ಇರಲಿಲ್ಲ. ಆಮೇಲೆ ಲಾಳ ಏಡಿಯ ರಕ್ತದಿಂದ ಮಾಡುವ ಎಂಡೊಟಾಕ್ಸಿನ್ ಪರೀಕ್ಷೆಯಲ್ಲೂ ಆ ಬಾಟಲಿ ಸಿಕ್ಕಿಬಿತ್ತು. ಸಮಾಧಾನಕ್ಕೆ ಒಂದು ವಿಷಯವಿದೆ. ಹೀಟ್ ಶಾಕ್ ಪ್ರೋಟೀನ್‌ಗಳು (ಬಿಸಿಯಂಥ ಒತ್ತಡದಲ್ಲಿ ಕೋಶ ಹೆಚ್ಚಾಗಿ ಮಾಡುವ ಪ್ರೋಟೀನ್‌ಗಳು) ಅಪಾಯದ ಸಂಕೇತ ಎಂದು ಬಂದ ಹಳೆಯ ಫಲಿತಾಂಶಗಳಲ್ಲಿ ಹಲವು ಇದೇ ಗುಂಡಿಗೆ ಬಿದ್ದವು. ಆ ಪ್ರೋಟೀನನ್ನು ಬ್ಯಾಕ್ಟೀರಿಯಾದಲ್ಲೇ ತಯಾರಿಸುತ್ತಿದ್ದರು, ಎಲ್‌ಪಿಎಸ್ ಜೊತೆಗೇ ಬರುತ್ತಿತ್ತು.

ಎಲ್ಲ ಸ್ವಚ್ಛ ಮಾಡಿದ ಮೇಲೆ ಟಿಎನ್‌ಎಫ್ ಹತ್ತಿರ ಹತ್ತಿರ ಸೊನ್ನೆ. ಮುಂದಿನ ಮೂರು ತಿಂಗಳ ಬಗ್ಗೆ ಬರೆಯುವಂಥದ್ದು ಏನೂ ಇಲ್ಲ.

ನನ್ನ ತಪ್ಪು ಬೇರೆ ಕಡೆ ಇತ್ತು. ಅಪಾಯದ ಸಂಕೇತ ಎಂದರೆ ಗಂಟೆ ಬಾರಿಸಿದ ಹಾಗೆ, ಬಾರಿಸಿದ ಕೂಡಲೇ ಎಲ್ಲರೂ ಎದ್ದು ಓಡುತ್ತಾರೆ ಅಂದುಕೊಂಡಿದ್ದೆ. ಹಾಗಿಲ್ಲ. ಐಎಲ್-1 ಬೀಟಾ ಎನ್ನುವ ಉರಿಯೂತದ ಅಣುವನ್ನೇ ನೋಡಿ. ಮ್ಯಾಕ್ರೊಫೇಜ್ ಅದನ್ನು ಎರಡು ಹೆಜ್ಜೆಯಲ್ಲಿ ಬಿಡುತ್ತದೆ. ಎಲ್‌ಪಿಎಸ್‌ನಂಥ ಮೊದಲ ಸಂಕೇತ ಬಂದಾಗ 31 ಕಿಲೋಡಾಲ್ಟನ್‌ನ ಕಚ್ಚಾ ರೂಪವನ್ನು ಮಾಡಿ ಒಳಗೇ ಇಟ್ಟುಕೊಳ್ಳುತ್ತದೆ. ಎರಡನೆಯ ಸಂಕೇತ ಬಂದರೆ ಮಾತ್ರ ಕ್ಯಾಸ್ಪೇಸ್-1 ಎಂಬ ಕಿಣ್ವ ಅದನ್ನು ಕತ್ತರಿಸಿ, 17 ಕಿಲೋಡಾಲ್ಟನ್‌ನ ತುಂಡು ಹೊರಗೆ ಹೋಗುತ್ತದೆ. ಕತ್ತರಿಸುವ ಈ ಜೋಡಣೆಗೆ ಯೂರ್ಗ್ ಚೋಪ್ ಅವರ ತಂಡ 2002ರಲ್ಲಿ ಇನ್‌ಫ್ಲಮಸೋಮ್ ಎಂದು ಹೆಸರಿಟ್ಟಿತು. ಗೌಟ್‌ನಲ್ಲಿ ಕೀಲಿಗೆ ಸೇರುವ ಯೂರಿಕ್ ಆಮ್ಲದ ಹರಳು ಇದನ್ನೇ ಎಬ್ಬಿಸುತ್ತದೆ ಎಂದು 2006ರಲ್ಲಿ ತೋರಿಸಿದ್ದೂ ಅದೇ ತಂಡ.

ಎರಡನೆಯ ಸಂಕೇತಕ್ಕೆ ನಾನು ಆರಿಸಿಕೊಂಡದ್ದು ಎಟಿಪಿ, ಕೋಶ ಶಕ್ತಿಗೆ ಬಳಸುವ ಅಣು. ಕೋಶದ ಒಳಗೆ ಎಟಿಪಿ ಮಿಲಿಮೋಲಾರ್ ಲೆಕ್ಕದಲ್ಲಿರುತ್ತದೆ, ಹೊರಗೆ ನ್ಯಾನೋಮೋಲಾರ್ ಲೆಕ್ಕದಲ್ಲಿ. ಲಕ್ಷಗಟ್ಟಲೆ ಪಟ್ಟು ವ್ಯತ್ಯಾಸ. ಗೋಡೆ ಒಡೆದದ್ದು ಗೊತ್ತಾಗಲು ಇದಕ್ಕಿಂತ ಒಳ್ಳೆಯ ಗುರುತು ಬೇಕಾ? ಹೊರಗಿನ ಎಟಿಪಿ ತುಂಬಾ ಹೆಚ್ಚಾದಾಗ ಪಿ2ಎಕ್ಸ್7 ಎಂಬ ಬಾಗಿಲು ತೆರೆಯುತ್ತದೆ, ಪೊಟ್ಯಾಶಿಯಂ ಹೊರಗೆ ಸೋರುತ್ತದೆ, ಅದನ್ನು ಕಂಡು ಇನ್‌ಫ್ಲಮಸೋಮ್ ಕಟ್ಟಿಕೊಳ್ಳುತ್ತದೆ. ನನ್ನ ಹಳೆಯ ರಸದಲ್ಲಿ ಎಟಿಪಿ ತೆಳುವಾಗಿ ಹೋಗಿತ್ತು. ಇದ್ದದ್ದನ್ನೂ ಕಿಣ್ವಗಳು ತಿಂದು ಹಾಕಿರುತ್ತವೆ.

ಈ ಸಲ ಬೇಕೆಂತಲೇ ಸ್ವಲ್ಪ ಎಲ್‌ಪಿಎಸ್ ಹಾಕಿ 4 ಗಂಟೆ ಬಿಟ್ಟೆ. ಆಮೇಲೆ 5 ಮಿಲಿಮೋಲಾರ್ ಎಟಿಪಿ, 30 ನಿಮಿಷ. ಹಾಕಿದ ಕೂಡಲೇ ಕೆಂಪು ಮೀಡಿಯಂ ಹಳದಿಗೆ ತಿರುಗಿತು. ನಾನೂ ಬಿಳಿಚಿಕೊಂಡೆ. ಎಟಿಪಿಯ ಸೋಡಿಯಂ ಲವಣವನ್ನು ನೀರಿಗೆ ಹಾಕಿದರೆ ದ್ರಾವಣ ಆಮ್ಲೀಯವಾಗುತ್ತದೆ. ಸೋಡಿಯಂ ಹೈಡ್ರಾಕ್ಸೈಡ್ ಹನಿಹನಿಯಾಗಿ ಹಾಕಿ ಪಿಎಚ್ 7.4ಕ್ಕೆ ತರದೆ ಬಳಸಬಾರದು. ಇದನ್ನು ಯಾರೂ ಪ್ರೋಟೋಕಾಲ್‌ನಲ್ಲಿ ದಪ್ಪಕ್ಷರದಲ್ಲಿ ಬರೆಯುವುದಿಲ್ಲ, ಬರೆಯಬೇಕು. ಸರಿಮಾಡಿಕೊಂಡ ಮೇಲೆ ಐಎಲ್-1 ಬೀಟಾ ಚೆನ್ನಾಗಿ ಬಂತು. ಎಲ್‌ಪಿಎಸ್ ಒಂದೇ, ಎಟಿಪಿ ಒಂದೇ ಹಾಕಿದ ವೆಲ್‌ಗಳಲ್ಲಿ ಏನೂ ಇಲ್ಲ. ಎಟಿಪಿಯನ್ನು ಒಡೆಯುವ ಅಪೈರೇಸ್ ಮೊದಲೇ ಹಾಕಿದರೆ ಏನೂ ಇಲ್ಲ. ಒಳಗಿನದು ಸೋರದಂತೆ ಹೊರಗೆ ಪೊಟ್ಯಾಶಿಯಂ ಹೆಚ್ಚಿಸಿದರೂ ಏನೂ ಇಲ್ಲ. ಈ ಸಲ ಮೇಡಂ ಏನೂ ಕೇಳಲಿಲ್ಲ, ಪ್ಲೇಟನ್ನು ಎರಡು ಸಲ ತಿರುಗಿಸಿ ನೋಡಿ ಕೊಟ್ಟರು.

ನನ್ನ ಕೆಲಸದ ದಿಕ್ಕು ಬದಲಾದದ್ದು ಮಾತ್ರ ಇನ್ನೊಂದು ಪ್ಲೇಟಿನಿಂದ. ಎಟಿಪಿಯ ಪ್ರಮಾಣ ಇಳಿಸುತ್ತಾ ಹೋದರೆ ಏನಾಗುತ್ತದೆ ನೋಡೋಣ ಅಂತ ಸುಮ್ನೆ ಮಾಡಿದ್ದು. 100 ಮೈಕ್ರೋಮೋಲಾರ್ ಎಟಿಪಿಯನ್ನು ಎಲ್‌ಪಿಎಸ್ ಜೊತೆಗೇ ಹಾಕಿ ರಾತ್ರಿಯಿಡೀ ಬಿಟ್ಟಿದ್ದೆ. ಬೆಳಿಗ್ಗೆ ನೋಡಿದರೆ ಟಿಎನ್‌ಎಫ್ ಎಲ್‌ಪಿಎಸ್ ಒಂದೇ ಹಾಕಿದ್ದಕ್ಕಿಂತ ಕಡಿಮೆ! ಅಪಾಯದ ಸಂಕೇತ ಸೇರಿಸಿದರೆ ಉರಿಯೂತ ಇಳಿಯುವುದೇ? ಕೋಶಗಳು ಸತ್ತಿರಬೇಕು ಅಂತ, ಸತ್ತ ಕೋಶದಿಂದ ಸೋರುವ ಎಲ್‌ಡಿಎಚ್ ಎಂಬ ಕಿಣ್ವವನ್ನು ಅಳೆದೆ. ಸತ್ತಿರಲಿಲ್ಲ.

ಉತ್ತರ ಮ್ಯಾಕ್ರೊಫೇಜ್‌ನ ಹೊರಮೈಯಲ್ಲೇ ಇತ್ತು. ಅಲ್ಲಿ ಸಿಡಿ39 ಮತ್ತು ಸಿಡಿ73 ಎಂಬ ಎರಡು ಕಿಣ್ವಗಳಿವೆ. ಮೊದಲನೆಯದು ಎಟಿಪಿಯನ್ನು ಎಎಂಪಿ ಮಾಡುತ್ತದೆ, ಎರಡನೆಯದು ಎಎಂಪಿಯನ್ನು ಅಡೆನೊಸಿನ್ ಮಾಡುತ್ತದೆ. ಅಡೆನೊಸಿನ್ ಹೋಗಿ ಎ2ಎ ಗ್ರಾಹಕಕ್ಕೆ ಕೂತರೆ ಕೋಶ ತಣ್ಣಗಾಗುತ್ತದೆ. ಎ2ಎ ಗ್ರಾಹಕವನ್ನು ಮುಚ್ಚುವ ಔಷಧ ಹಾಕಿ ಮತ್ತೆ ಮಾಡಿದೆ. ಟಿಎನ್‌ಎಫ್ ಮೇಲೆದ್ದಿತು. ಅಂದರೆ ಕೂಗಿದವನೇ ಸ್ವಲ್ಪ ಹೊತ್ತಿಗೆ ಸಾಕು ಅಂತಲೂ ಹೇಳುತ್ತಾನೆ. ಗಾಯ ಸೋರುತ್ತಲೇ ಇದ್ದರೆ ಎಟಿಪಿ ಬರುತ್ತಲೇ ಇರುತ್ತದೆ. ಸೋರುವುದು ನಿಂತರೆ ಉಳಿಯುವುದು ಅಡೆನೊಸಿನ್. ಗಾಯಕ್ಕೆ ಎಷ್ಟು ಹೊತ್ತಾಯಿತು ಅನ್ನುವ ಲೆಕ್ಕ ಈ ಒಡೆಯುವಿಕೆಯಲ್ಲೇ ಅಡಗಿದೆ ಅನ್ನಿಸಿತು.

ಆ ಮೇಲೆ ಎಲ್ಲಿ ನೋಡಿದರೂ ಇಂಥ ಬ್ರೇಕ್‌ಗಳೇ ಕಣ್ಣಿಗೆ ಬೀಳತೊಡಗಿದವು. ಎಚ್‌ಎಂಜಿಬಿ1 ಎಂಬ ನ್ಯೂಕ್ಲಿಯಸ್‌ನ ಪ್ರೋಟೀನ್ ಒಡೆದು ಸತ್ತ ಕೋಶದಿಂದ ಚೆಲ್ಲುತ್ತದೆ. ಕ್ರಮವಾಗಿ ತಾನೇ ಸಾಯುವ ಕೋಶದಲ್ಲಿ ಅದು ಕ್ರೊಮ್ಯಾಟಿನ್‌ಗೆ, ಅಂದರೆ ಡಿಎನ್‌ಎ ಮತ್ತು ಪ್ರೋಟೀನ್‌ಗಳ ಸುರುಳಿಗೆ, ಅಂಟಿಕೊಂಡೇ ಇರುತ್ತದೆ, ಹಾಗಾಗಿ ಗದ್ದಲ ಆಗುವುದಿಲ್ಲ. ಇದು 2002ರಲ್ಲೇ ತಿಳಿದದ್ದು. ಹೊರಗೆ ಬಂದ ಎಚ್‌ಎಂಜಿಬಿ1 ಕೂಡ ಪೂರ್ತಿ ಆಕ್ಸಿಡೀಕರಣಗೊಂಡರೆ ಉರಿಯೂತ ಎಬ್ಬಿಸುವ ಶಕ್ತಿ ಕಳೆದುಕೊಳ್ಳುತ್ತದೆ. ಇಲಿಯಲ್ಲಿ ಸಿಡಿ24 ಮತ್ತು ಸಿಗ್ಲೆಕ್-ಜಿ ಎಂಬ ಕೋಶದ ಹೊರಮೈಯ ಪ್ರೋಟೀನ್‌ಗಳ ಜೋಡಿ, ಒಡೆದ ಕೋಶದ ಸಂಕೇತಕ್ಕೆ ಬರುವ ಪ್ರತಿಕ್ರಿಯೆಯನ್ನು ತಗ್ಗಿಸಿ, ಕೀಟಾಣುವಿನ ಸಂಕೇತಕ್ಕೆ ಬರುವುದನ್ನು ಹಾಗೇ ಬಿಡುತ್ತದೆ. 2009ರಲ್ಲಿ ಬಂದ ಈ ಕೆಲಸ ನನಗೆ ತುಂಬಾ ಇಷ್ಟ.

ಈ ಕೆಲಸಕ್ಕೆ ಇಳಿಯುವವರಿಗೆ ಒಂದು ಕೈಕೆಲಸದ ಮಾತು. ಎಟಿಪಿ ಸಿಕ್ಕರೆ ಬೆಳಕು ಕೊಡುವ, ಮಿಣುಕು ಹುಳದ ಲೂಸಿಫರೇಸ್ ಕಿಣ್ವ ಬಳಸಿ ಮೀಡಿಯಂನಲ್ಲಿರುವ ಎಟಿಪಿಯನ್ನು ಅಳೆಯುತ್ತಿದ್ದಾಗ, ಏನೂ ಹಾಕದ ವೆಲ್‌ಗಳಲ್ಲೂ ಬೆಳಕು ಬರುತ್ತಿತ್ತು. ಮತ್ತೆ ಬಾಟಲಿಗಳ ಮೇಲೆ ಅನುಮಾನಪಟ್ಟೆ. ಕಾರಣ ನನ್ನ ಕೈ. ಪಿಪೆಟ್‌ನಿಂದ ಮೀಡಿಯಂ ಜೋರಾಗಿ ಬಿಟ್ಟರೆ ಆ ಅಲುಗಾಟಕ್ಕೇ ಬದುಕಿರುವ ಕೋಶಗಳು ಎಟಿಪಿ ಬಿಡುತ್ತವೆ. ಈಗ ಅರ್ಧ ಮೀಡಿಯಂ ಮಾತ್ರ ಬದಲಿಸುತ್ತೇನೆ, ವೆಲ್‌ನ ಗೋಡೆಗೆ ತಾಗಿಸಿ, ನಿಧಾನವಾಗಿ. ಆಮೇಲೆ ಒಂದು ಗಂಟೆ ಪ್ಲೇಟನ್ನು ಇನ್‌ಕ್ಯುಬೇಟರ್‌ನಲ್ಲಿಟ್ಟು ಅದರ ತಂಟೆಗೆ ಹೋಗುವುದಿಲ್ಲ.