ಅಲ್ಲಾಡುವ ಸೀಟುಗಳ ಹಾಲ್‌ನಲ್ಲಿ ನನ್ನ ಕೆಲಸ

ಠಾಣೆಯ ಒಂದು ಮಲ್ಟಿಪ್ಲೆಕ್ಸ್‌ನಲ್ಲಿ ನಾನು ಟೆಕ್ನಿಷಿಯನ್. ಸೀಟು ಅಲ್ಲಾಡುವ, ಗಾಳಿ ಬೀಸುವ, ಮುಖಕ್ಕೆ ನೀರು ಚಿಮ್ಮುವ ಹಾಲ್ ನನ್ನ ಪಾಲಿಗೆ ಬಂದಿದೆ. ದಕ್ಷಿಣ ಕೊರಿಯಾದಲ್ಲಿ 2009ರಲ್ಲಿ 4ಡಿಎಕ್ಸ್ ಶುರುವಾಯಿತಲ್ಲ, ಆ ಜಾತಿಯದ್ದು.

ಸೀಟು ಜೋರಾಗಿ ಕುಲುಕಿದರೆ ಮಜಾ ಜಾಸ್ತಿ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಸರಿಯಾದ ಕ್ಷಣಕ್ಕೆ ಬರಬೇಕು, ಕೆಲಸ ಮುಗಿದ ತಕ್ಷಣ ನಿಲ್ಲಬೇಕು. 1960ರಲ್ಲಿ ಅಮೆರಿಕದಲ್ಲಿ ಸ್ಮೆಲ್-ಓ-ವಿಷನ್ ಅಂತ ಬಂದಿತ್ತು, ಸಿನಿಮಾದ ಜೊತೆ ವಾಸನೆ ಬಿಡುವ ವ್ಯವಸ್ಥೆ. ಬಾಲ್ಕನಿಯವರಿಗೆ ವಾಸನೆ ತಡವಾಗಿ ತಲುಪುತ್ತದೆ ಎಂಬ ದೂರು ಬಂತು. ಒಂದೇ ಸಿನಿಮಾಕ್ಕೆ ಅದರ ಕಥೆ ಮುಗಿಯಿತು. ನನ್ನ ಹಾಲ್‌ನಲ್ಲೂ ಹೊಗೆ ಬಿಟ್ಟರೆ ಸಾಲದು, ಮುಂದಿನ ಸೀನ್ ಬರುವಷ್ಟರಲ್ಲಿ ಹೋಗಿರಬೇಕು.

ಪ್ರತಿ ಸಿನಿಮಾಕ್ಕೂ ಚಲನೆಯ ಫೈಲ್ ಬೇರೆಯೇ ಇರುತ್ತದೆ. ಅದು ಟೈಮ್‌ಕೋಡ್, ಅಂದರೆ ಚಿತ್ರದ ಪ್ರತಿ ಕ್ಷಣಕ್ಕೂ ಹಾಕಿದ ಸಮಯದ ಗುರುತು, ಹಿಡಿದು ಚಿತ್ರದ ಜೊತೆ ಓಡುತ್ತದೆ. ಹೊಸ ಸಿನಿಮಾ ಬಂದಾಗ ಗುಂಡು ಹಾರುವ ಸೀನ್ ಹಾಕಿ, ನಡುವಿನ ಸಾಲಿನಲ್ಲಿ ಕೂತು ನೋಡುತ್ತೇನೆ. ಕಿವಿಯ ಪಕ್ಕ ಗಾಳಿ ಸುಯ್ಯೆನ್ನುವುದೂ ಗುಂಡಿನ ಸದ್ದೂ ಒಟ್ಟಿಗೇ ಆಗಬೇಕು. ಹಿಂದಿನ ಸಾಲಿನಲ್ಲಿ ಕೂತರೆ ಅಂದಾಜು ತಪ್ಪುತ್ತದೆ. ಪರದೆ ಕಡೆಯಿಂದ 17 ಮೀಟರ್ ದೂರಕ್ಕೆ ಶಬ್ದ ಬರಲು ಸೆಕೆಂಡಿನ ಇಪ್ಪತ್ತನೇ ಒಂದು ಭಾಗ ಬೇಕು, ಕಿವಿಗೆ ಅದು ಗೊತ್ತಾಗುತ್ತದೆ.

ನಾಲ್ಕು ಸೀಟು ಸೇರಿ ಒಂದು ಕಟ್ಟು. ಕೆಳಗಿನ ಮೋಟಾರುಗಳು ಅದನ್ನು ಎತ್ತುತ್ತವೆ, ಹಿಂದೆ ಮುಂದೆ ಬಾಗಿಸುತ್ತವೆ, ಪಕ್ಕಕ್ಕೆ ವಾಲಿಸುತ್ತವೆ. ಅಷ್ಟಕ್ಕೇ ಕಾರು ಓಡಿದ ಹಾಗೆ ಹೇಗೆ ಅನ್ನಿಸುತ್ತದೆ? ಸೀಟು ಮೆಲ್ಲಗೆ ಹಿಂದಕ್ಕೆ ಬಾಗಿದಾಗ ನಮ್ಮದೇ ಭಾರ ಬೆನ್ನಿಗೆ ಒತ್ತುತ್ತದೆ. ಪರದೆ ಮೇಲೆ ರಸ್ತೆ ಓಡುತ್ತಿರುತ್ತದೆ. ವೇಗ ಹೆಚ್ಚಿತು ಅಂತ ಮೆದುಳು ತಿಳಿಯುತ್ತದೆ. ಪೈಲಟ್‌ಗಳ ತರಬೇತಿಯ ಸಿಮ್ಯುಲೇಟರಿನಲ್ಲೂ ಇದೇ ಉಪಾಯ. ಕಣ್ಣು ಹೇಳಿದ್ದಕ್ಕೂ ದೇಹದ ಸಮತೋಲ ನೋಡಿಕೊಳ್ಳುವ ಒಳಕಿವಿ ಹೇಳಿದ್ದಕ್ಕೂ ತಾಳ ತಪ್ಪಿದರೆ ಮಾತ್ರ ತಲೆಸುತ್ತು, ವಾಂತಿ.

ಜಾಸ್ತಿ ಹೊತ್ತು ಹಿಡಿಯುವುದು ನೀರಿನ ನಳಿಕೆಗಳು. ಅವು ಮುಂದಿನ ಸೀಟಿನ ಬೆನ್ನಲ್ಲಿರುತ್ತವೆ. ಮೊದಲ ಶೋಗೆ ಮುಂಚೆ ಟೆಸ್ಟ್ ಹಾಕಿ, ಪ್ರತಿ ನಳಿಕೆಯ ಎದುರು ಅಂಗೈ ಹಿಡಿಯುತ್ತೇನೆ. ಅಂಗೈ ತುಂಬ ಸಣ್ಣ ಹನಿಗಳು ಹರಡಿದರೆ ಸರಿ. ಒಂದೇ ಕಡೆ ದಪ್ಪ ಹನಿ ಬಿದ್ದರೆ ತುದಿಯಲ್ಲಿ ಬಿಳಿ ಪುಡಿ ಕಟ್ಟಿದೆ ಅಂತ ಅರ್ಥ. ಬೇಸಿಗೆಯಲ್ಲಿ ಟ್ಯಾಂಕರ್ ನೀರು ತರಿಸಿದಾಗ ಇದು ಜಾಸ್ತಿ, ಅದರಲ್ಲಿ ಬೋರ್‌ವೆಲ್ ನೀರು ಇರುತ್ತದಲ್ವಾ. ಫಿಲ್ಟರ್ ಇದ್ದರೂ ನಾನು ನಂಬಿ ಕೂರುವುದಿಲ್ಲ. ಬಿಚ್ಚಿ, ತೊಳೆದು, ಮತ್ತೆ ಅಂಗೈ ಹಿಡಿಯುತ್ತೇನೆ.

ಶೋ ಶುರುವಾಗುವಾಗ ಬಾಗಿಲಲ್ಲಿ ನಿಲ್ಲುವುದೂ ನನ್ನ ಅಭ್ಯಾಸ. ಡೊಂಬಿವಲಿಯಿಂದ ಬಂದಿದ್ದ ಒಬ್ಬರು ಅಮ್ಮ ಮಗನ ಜೊತೆ ಕನ್ನಡದಲ್ಲಿ ಮಾತಾಡುತ್ತಿದ್ದರು. ನಾನೇ ಮಾತಾಡಿಸಿದೆ.

"ಸೊಂಟ ನೋವುಂಟು ಮಾರಾಯ್ರೆ, ಕೂತ್ಕೊಳ್ಲಿಕ್ಕೆ ಅಡ್ಡಿ ಇಲ್ವಾ?"

"ಬೇಡ ಅಮ್ಮ. ನೀರು ನಿಲ್ಲಿಸ್ಲಿಕ್ಕೆ ಕೈ ಹತ್ರ ಬಟನ್ ಉಂಟು, ಸೀಟು ನಿಲ್ಲಿಸ್ಲಿಕ್ಕೆ ಇಲ್ಲ. ಇದೇ ಸಿನಿಮಾ ಪಕ್ಕದ ಸ್ಕ್ರೀನಲ್ಲಿ ಉಂಟು, ಅಲ್ಲಿ ನೋಡಿ."

ಬಸುರಿಯರಿಗೆ, ಹೃದಯದ ತೊಂದರೆ ಇರುವವರಿಗೆ, ಕುತ್ತಿಗೆ ನೋವಿನವರಿಗೂ ಇದನ್ನೇ ಹೇಳುತ್ತೇನೆ. ಅಂಥವರು ಬಂದರೆ ಟಿಕೆಟ್ ಬದಲಾಯಿಸಿಕೊಡಿ ಅಂತ ಕೌಂಟರಿನವರಿಗೂ ಹೇಳಿಟ್ಟಿದ್ದೇನೆ.