ಹಗ್ ಅಂತ ಬಂದ್ರೆ ಕನ್ನಡದಲ್ಲಿ ಏನ್ ಬರೀಲಿ

ಡಬ್ಬಿಂಗ್‌ಗೆ ಡೈಲಾಗ್ ಬರೆಯೋದು ನನ್ನ ಕೆಲಸ, ಅದರಲ್ಲಿ ನಂಗೆ ಜಾಸ್ತಿ ಕಾಟ ಕೊಟ್ಟಿರೋ ಪದ ಅಂದ್ರೆ ಹಗ್. ಶುರುವಲ್ಲಿ ಎಲ್ಲಾದಕ್ಕೂ ಕಣ್ಮುಚ್ಕೊಂಡು ತಬ್ಬಿಕೋ ಅಂತ ಹಾಕ್ತಿದ್ದೆ. ಒಂದು ಕಾರ್ಟೂನಲ್ಲಿ ಕರಡಿ ಮರಿ ನೇರ ಕ್ಯಾಮೆರಾ ಕಡೆ ನೋಡಿ ಹಗ್ ಅನ್ನತ್ತೆ, ಬಾಯಿ ಪೂರ್ತಿ ತೆರೆದಿರತ್ತೆ, ತುಟಿ ಸೇರೋದೇ ಇಲ್ಲ, ನಮ್ಮ ತಬ್ಕೋ ಆಗ್ಲಿ ಅಪ್ಕೋ ಆಗ್ಲಿ ತುಟಿ ಮುಚ್ಚದೆ ಹೇಳಕ್ಕೆ ಬರಲ್ಲ (ಹೇಳಿ ನೋಡಿ). ಅರ್ಧ ಗಂಟೆ ಒದ್ದಾಡಿ, ಹೆಂಗೂ ಎರಡೂ ಕೈ ಚಾಚಿದೆಯಲ್ಲ ಅಂತ "ಎತ್ಕೋ" ಅಂತ ಬರೆದೆ. ಸರಿಯಾಗಿ ಕೂತ್ಕೊಳ್ತು. ನಮ್ಮ ಮಕ್ಕಳು ಕೇಳೋದೂ ಅದನ್ನೇ ಅಲ್ವಾ.

ಅವತ್ತಿಂದ ಮೊದಲು ನೋಡೋದು ಯಾರು ಯಾರನ್ನ ಅಂತ. ಅಮ್ಮ ಮಗು ಆದ್ರೆ ಅಪ್ಕೊಳ್ಳೋದು, ಎಷ್ಟೋ ವರ್ಷ ಆದ್ಮೇಲೆ ಸಿಕ್ಕ ಫ್ರೆಂಡ್ ಆದ್ರೆ ತಬ್ಕೊಳ್ಳೋದು, ಇದು ನನ್ನ ಕಿವಿ ಲೆಕ್ಕ ಅಷ್ಟೇ, ನಿಮ್ಮ ಕಡೆ ಬೇರೆ ಇರಬಹುದು. ಆಲಿಂಗನ ಪೌರಾಣಿಕಕ್ಕೆ ಸರಿ, ಕಾಲೇಜ್ ಹುಡುಗನ ಬಾಯಲ್ಲಿ ಬಂದ್ರೆ ಸ್ಟುಡಿಯೋದಲ್ಲಿ ಇರೋರೆಲ್ಲ ನಗ್ತಾರೆ. ಒಂದ್ಸಲ ಮಾತ್ರ ಬೇಕಂತಲೇ ಹಾಕಿದೀನಿ, ವಿಲನ್ ನಗ್ತಾ ಹೀರೋನ ತಬ್ಕೊಂಡಾಗ ಪಕ್ಕದಲ್ಲಿದ್ದೋನು "ಹುಷಾರು, ಇದು ಧೃತರಾಷ್ಟ್ರ ಆಲಿಂಗನ" ಅಂತಾನೆ, ಕಬ್ಬಿಣದ ಭೀಮನ್ನ ಪುಡಿ ಮಾಡಿದ ಕಥೆ ಎಲ್ರಿಗೂ ಗೊತ್ತು, ಬಿಡಿಸಿ ಹೇಳೋದೇ ಬೇಕಾಗ್ಲಿಲ್ಲ. ತೆಕ್ಕೆ ಅನ್ನೋದನ್ನ ಹೆಬ್ಬಾವಿಗೆ ಇಟ್ಕೊಂಡಿದೀನಿ, ಪೇಪರ್‌ನೋರು ಅದನ್ನ ಎಲೆಕ್ಷನ್‌ಗೆ ಇಟ್ಕೊಂಡಿದಾರೆ, ಪುರಸಭೆ ಇಂಥ ಪಕ್ಷದ ತೆಕ್ಕೆಗೆ ಅಂತ.

ನಮ್ಮೂರು ಶಿರಸಿ ಕಡೆ. 1983ರ ಸೆಪ್ಟೆಂಬರ್‌ನಲ್ಲಿ ಸಾಲ್ಕಣಿ ಜನ ಕಳಸೆ ಕಾಡಿಗೆ ಹೋಗಿ ಕಡಿಯೋ ಮರಗಳನ್ನ ತಬ್ಬಿ ನಿಂತಿದ್ರಲ್ಲ, ಅಪ್ಪಿಕೋ ಚಳವಳಿ. ಅದಕ್ಕೂ ಮುಂಚೆ ಹಿಮಾಲಯದ ಕಡೆ ಮರ ತಬ್ಬಿ ನಡೆಸಿದ ಚಳವಳಿಯ ಹೆಸರು ಚಿಪ್ಕೋ, ಆ ಹಿಂದಿ ಪದಕ್ಕೆ ಪದ ಇಟ್ರೆ ಅಂಟಿಕೋ ಅಂತಾಗ್ಬೇಕಿತ್ತು, ಗೋಂದು ಹಚ್ಚಿದಂಗೆ. ಅಪ್ಪಿಕೋ ಅಂತ ಇಟ್ಟೋರ ಕಿವಿಗೆ ನನ್ನ ನಮಸ್ಕಾರ.

ಅದೇ ಅಪ್ಪು ಇನ್ನೊಂದು ಕಡೆ ಕೈ ಕೊಡತ್ತೆ. ಮೊನ್ನೆ ಪ್ರಾಣಿಗಳ ಡಾಕ್ಯುಮೆಂಟರಿಯಲ್ಲಿ "ಚಿರತೆ ಮರಿ ಸತ್ತುಹೋಯ್ತು" ಅಂತ ಬರ್ದಿದ್ದೆ, ವಾಯ್ಸ್ ಕೊಡೋರು ಮೈಕ್ ಮುಂದೆ "ಸಾವನ್ನಪ್ಪಿತು" ಅಂತ ಓದಿದ್ರು. ಸರ್, ವೀರಮರಣವನ್ನಪ್ಪಿದರು ಅಂದ್ರೆ ಒಪ್ತೀನಿ, ಈ ಎರಡು ವಾರದ ಮರಿ ಪಾಪ ಯಾವಾಗ ಹೋಗಿ ಸಾವನ್ನ ಅಪ್ಕೊಳ್ತು ಅಂದೆ. ಟಿವಿಯಲ್ಲಿ ದಿನಾ ಹಂಗೇ ಹೇಳ್ತಾರಲ್ರೀ ಅಂದ್ರು. ಇನ್ನೊಂದು ಟೇಕ್ ತಗೊಂಡ್ವಿ.