ಮೈಕ್ರೊಟಿಪ್ ಪೆನ್ಸಿಲ್ ಲೆಡ್ ಬಿಡ್ತಿಲ್ವಾ? ಬಿಸಾಕೋಕ್ ಮುಂಚೆ ಬಿಚ್ಚಿ ನೋಡಿ

ತುಮಕೂರಲ್ಲಿ ಡಿಪ್ಲೊಮಾ, ಐಟಿಐ, ಇಂಜಿನಿಯರಿಂಗ್ ಓದೋರು ಎಷ್ಟೋ ಜನ ಡ್ರಾಯಿಂಗ್ ಕ್ಲಾಸಿಗೆ ಅಂತ ದುಡ್ಡು ಹಾಕಿ ಒಳ್ಳೆ ಪೆನ್ಸಿಲ್ ತಗೊಂಡಿರ್ತಾರೆ, ಸ್ವಲ್ಪ ದಿನಕ್ಕೆ ಲೆಡ್ ಬರ್ತಿಲ್ಲ ಅಂತ ಮೂಲೆಗೆ ಹಾಕ್ತಾರೆ, ಎಂ.ಜಿ. ರೋಡ್ ಅಂಗಡೀಲಿ ಕೇಳಿದ್ರೆ ಹೊಸದೇ ತಗೊಳ್ಳಿ ಅಂತಾರೆ. ಬಹಳಷ್ಟು ಸಲ ಅದು ಕೆಟ್ಟೇ ಇರಲ್ಲ ಕಣ್ರಪ್ಪ, ಒಳಗೆ ಒಂದು ಲೆಡ್ ಚೂರು ಸಿಕ್ಕಾಕ್ಕೊಂಡಿರುತ್ತೆ.

ಮೊದ್ಲು ಒಂದು ಬಿಳಿ ಟವೆಲ್ ಹಾಸ್ಕೊಳ್ಳಿ, ಒಳಗಿರೋ ಸಣ್ಣ ರಿಂಗು ಮೊಸಾಯಿಕ್ ನೆಲಕ್ಕೆ ಬಿದ್ರೆ ಸಿಗೋದೇ ಇಲ್ಲ. ಹಿಂದಿನ ಕ್ಯಾಪು, ರಬ್ಬರ್ ತೆಗೆದು ಲೆಡ್ಡೆಲ್ಲ ಸುರ್ಕೊಂಡು ಆಮೇಲೆ ಮೂತಿ ತಿರುಗ್ಸಿ ಬಿಚ್ಚಿ. ಬಿಗಿಯಾಗಿದ್ರೆ ದಯವಿಟ್ಟು ಕಟಿಂಗ್ ಪ್ಲೇಯರ್ ಹಾಕ್ಬೇಡಿ, ಹಳೇ ಸೈಕಲ್ ಟ್ಯೂಬ್ ತುಂಡು ಸುತ್ತಿ ತಿರುಗ್ಸಿದ್ರೆ ಸಾಕು.

ಈಗ ಎರಡೋ ಮೂರೋ ಹಲ್ಲಿರೋ ಕ್ಲಚ್ ಕಾಣುತ್ತೆ, ಒಳ್ಳೆ ಪೆನ್ಸಿಲ್ಲಲ್ಲಿ ಹಿತ್ತಾಳೇದು, ಅದ್ರ ಸುತ್ತ ಆ ರಿಂಗು. ಗುಂಡಿ ಒತ್ತಿದಾಗ ಹಲ್ಲು ಲೆಡ್ ಕಚ್ಕೊಂಡೇ ಮುಂದೆ ಬರುತ್ತೆ, ರಿಂಗು ಮೂತಿ ಒಳಗೆ ತಡೆದು ನಿಂತ್ರೆ ಹಲ್ಲು ಅದ್ರಿಂದ ಆಚೆ ಬಂದು ಬಾಯಿ ಬಿಡುತ್ತೆ, ಕೈ ಬಿಟ್ರೆ ಸ್ಪ್ರಿಂಗು ಹಲ್ಲನ್ನ ಹಿಂದಕ್ಕೆಳೆಯುತ್ತೆ, ಅಷ್ಟು ಹೊತ್ತು ಲೆಡ್ ಜಾರದಂಗೆ ಮೂತಿ ಒಳಗಿನ ಪುಟಾಣಿ ರಬ್ಬರ್ ಹಿಡ್ಕೊಂಡಿರುತ್ತೆ. ಇಷ್ಟು ಗೊತ್ತಾದ್ರೆ ತೊಂದ್ರೆ ಎಲ್ಲಿದೆ ಅಂತ ನೀವೇ ಹೇಳ್ಬೋದು: ಕ್ಲಿಕ್ ಅನ್ನುತ್ತೆ ಆದ್ರೆ ಹಲ್ಲು ಲೆಡ್ಡನ್ನ ಹಿಡಿಯೋದೇ ಇಲ್ಲ ಅಂದ್ರೆ ರಿಂಗು ಕಳ್ದಿದೆ ಇಲ್ಲ ಮೂತಿ ಒಳಗೇ ಕೂತಿದೆ, ತಟ್ಟಿ ನೋಡಿ. ಬರೆಯುವಾಗ ಲೆಡ್ ಒಳಗೆ ಹೋದ್ರೆ ಹಲ್ಲಲ್ಲಿ ಪುಡಿ ತುಂಬಿದೆ. ಒತ್ತಿದ ತಕ್ಷಣ ಲೆಡ್ ಸುರ್ ಅಂತ ಕೆಳಗೆ ಬಿದ್ರೆ ರಬ್ಬರ್ ಸವೆದಿದೆ, ಅದಕ್ಕೆ ಮೂತಿನೇ ಬದಲಾಯಿಸ್ಬೇಕು.

ಪುಡಿ ತೆಗೆಯೋಕೆ ಗುಂಡಿ ಒತ್ತಿ ಹಿಡಿದು ರಿಂಗು ತೆಗೀರಿ, ಹಲ್ಲು ಅಗಲ ಆದಾಗ ಒಣ ಟೂತ್‌ಬ್ರಷ್ಷಲ್ಲಿ ಉಜ್ಜಿ. ಎಣ್ಣೆ ಮಾತ್ರ ಬೇಡ, ಹಲ್ಲು ಇನ್ನೂ ಜಾರುತ್ತೆ. ಮೂತಿ ಪೈಪಲ್ಲಿ ಚೂರಿದ್ರೆ ತೆಳ್ಳನೆ ತಂತಿ ಮುಂದಿನಿಂದ ಹಿಂದಕ್ಕೆ ತಳ್ಳಿ, 0.5 ಲೆಡ್ಡಿನ ನಿಜವಾದ ದಪ್ಪ 0.56 ಮಿ.ಮೀ. ಹತ್ರ ಇರುತ್ತೆ, ಹಾಗಾಗಿ ತಂತಿ 0.5ಕ್ಕಿಂತ ಸಣ್ಣ ಇರ್ಲಿ, ಗಿಟಾರಿನ ಅತೀ ತೆಳು ತಂತಿ ತುಂಡು ಚೆನ್ನಾಗಾಗುತ್ತೆ. ದಪ್ಪ ಸೂಜಿ ತುರುಕಿದ್ರೆ ಪೈಪ್ ಬಾಯಿ ಹಾಳಾಗುತ್ತೆ.

ಜೋಡಿಸೋವಾಗ ರಿಂಗು ಹಾಕಿದ್ದೀರಾ ನೋಡ್ಕೊಳ್ಳಿ, ಮೂತಿನ ಮೊದ್ಲು ಉಲ್ಟಾ ತಿರುಗ್ಸಿ, ಮರೆ (ಸ್ಕ್ರೂ ಥ್ರೆಡ್ಡು) ಟಕ್ ಅಂತ ಕೂತಿದ್ದು ಬೆರಳಿಗೆ ಗೊತ್ತಾಗುತ್ತೆ, ಆಗ ಬಿಗಿ ಮಾಡಿ, ಕೈ ಬಿಗಿ ಸಾಕು. ಲೆಡ್ ಎರಡೋ ಮೂರೋ ಹಾಕಿ, ಡಬ್ಬಿ ಪೂರ್ತಿ ತುಂಬಿದ್ರೆ ಒಂದಕ್ಕೊಂದು ಅಡ್ಡ ಬರುತ್ತೆ. ಆಮೇಲೆ ಲೆಡ್ಡಿನ ಕೊನೇ ಉಗುರುದ್ದದ ತುಂಡು ಅಲ್ಲಾಡ್ತಾ ಇದ್ರೆ ಗಾಬರಿ ಬೇಡ, ಅದು ಹಲ್ಲು ದಾಟಿ ಬಂದಿರುತ್ತೆ, ಹಿಂದಿನ ಲೆಡ್ ತಳ್ಕೊಂಡು ಬರೋವರ್ಗೂ ಒತ್ತಿ, ಇಲ್ಲ ಕೈಯಲ್ಲಿ ಎಳೆದುಬಿಡಿ.